ಮೊದಲ ತುತ್ತು

"ಇದು ಯಾವ ಕುದುರೆದು ಅಂತ ಗುರುತು ಹಿಡೀರಿ ನೋಡೋಣ," ಎಂದು ಡಾಕ್ಟರ್ ಸಂಘಮಿತ್ರಾ ಹಳೇ ದಿನಪತ್ರಿಕೆಯ ಪೊಟ್ಟಣವನ್ನು ಕಲ್ಲುಬೆಂಚಿನ ಮೇಲೆ ಬಿಚ್ಚಿದಳು.

ಒಳಗಿದ್ದದ್ದು ಒಂದು ಗೊರಸು. ಗೆಣ್ಣಿನ ಕೆಳಗೆ ಕತ್ತರಿಸಿದ್ದು. ಬಿಳಿ ಕೂದಲಿನ ಅಂಚು ಇನ್ನೂ ಅಂಟಿಕೊಂಡಿತ್ತು.

ಜಗಳೂರಿನ ಕುದುರೆ ವ್ಯಾಪಾರಿ ಜುಂಜಪ್ಪ ಬಗ್ಗಿ ನೋಡಿದ. ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಡಲೂ ಇಲ್ಲ.

"ಸತ್ತ ಕುದುರೆ ಕಾಲು ತಂದು ನನ್ನ ಬೆಂಚಿನ ಮ್ಯಾಲೆ ಇಟ್ಟೀರಲ್ಲ ತಾಯಿ. ನಾನು ಊಟ ಮಾಡೋ ಜಾಗ ಇದು."

"ಊಟ ಆಮೇಲೆ ಮಾಡೀರಂತೆ. ಇದು ಗೋವಿನಕೋವಿ ಬೈಲಪ್ಪನ ಕುದುರೆ. ನೀವೇ ಮಾರಿದ್ದು."

"ನಾನು ಮಾರಿದಾಗ ನಾಕು ಕಾಲೂ ಕುದುರೆಗೇ ಇದ್ವು."

ಹಿಂದೆ ನಿಂತಿದ್ದ ನ್ಯಾಮತಿಯ ಸಬ್ ಇನ್‌ಸ್ಪೆಕ್ಟರ್ ಹನುಮಂತಪ್ಪ ನಕ್ಕುಬಿಟ್ಟ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಬಳಿದುಕೊಂಡೇ ಡ್ಯೂಟಿಗೆ ಬರುವ ಮನುಷ್ಯ. ಸಾವಿನ ಮನೆಯಲ್ಲೂ ನಗುವ ವಿಷಯ ಸಿಕ್ಕರೆ ಬಿಡುವವನಲ್ಲ. ಸಂಘಮಿತ್ರಾಳಿಗೆ ನಗು ಬರುವಂತಿರಲಿಲ್ಲ. ಸಂಜೆ ಐದಕ್ಕೆ ಕೇಸಿನ ಕಾಗದದಲ್ಲಿ ಆರೋಪಿಯಾಗಿ ಅವಳ ಹೆಸರು ಏರುವುದರಲ್ಲಿತ್ತು.

ಐದು ದಿನದ ಹಿಂದೆ ಬೈಲಪ್ಪ ಬೆಳಿಗ್ಗೆ ಕುದುರೆಗೆ ಮೇವಿಟ್ಟು ಸಂಜೆಗೆ ಹೆಣವಾಗಿದ್ದ. ಮರುದಿನ ಕುದುರೆಯೂ ಬಿದ್ದಿತ್ತು.

ಲಾಯದ ಗೋಡೆಯ ಮೊಳೆಗೆ ಒಂದು ಚೀಟಿ ಸಿಕ್ಕಿಸಿತ್ತು. 'ನೀಲಿ ಡಬ್ಬಿಯ ಪುಡಿ, ದಿನಾ ಬೆಳಿಗ್ಗೆ ಒಂದು ಹಿಡಿ. ಬೇರೆ ಯಾವ ಪುಡಿಯೂ ಬೇಡ.' ಕೆಳಗೆ ಸರ್ಕಾರಿ ಪಶುವೈದ್ಯೆ ಸಂಘಮಿತ್ರಾಳ ಸಹಿ. ಕುದುರೆಯ ಕಾಲಿಗೆ ಬಲ ಬರಲಿ ಎಂದು ಅವಳೇ ಕೊಟ್ಟಿದ್ದ ಖನಿಜದ ಪುಡಿ ಅದು. ಆ ನೀಲಿ ಡಬ್ಬಿಯ ಪುಡಿಯಲ್ಲಿ ಪಾಷಾಣ, ಅಂದರೆ ಆರ್ಸೆನಿಕ್, ಬೆರೆತಿದೆ ಎಂದು ನಿನ್ನೆ ಲ್ಯಾಬಿನಿಂದ ವರದಿ ಬಂದಿತ್ತು.

ಕುದುರೆ ತಿಂದದ್ದಕ್ಕೆ ಮನುಷ್ಯ ಯಾಕೆ ಸತ್ತ ಎಂದು ಗೋವಿನಕೋವಿಯಲ್ಲಿ ಯಾರೂ ಕೇಳಲಿಲ್ಲ. ಬೈಲಪ್ಪನ ವಂಶದ ಪದ್ಧತಿ ಊರಿಗೆಲ್ಲ ಗೊತ್ತು. ಕುದುರೆಗೆ ಕಲಸಿದ ಮೇವಿನಲ್ಲಿ ಮೊದಲ ತುತ್ತು ತಾನು ತಿನ್ನಬೇಕು. ತನ್ನ ಗಂಟಲಿಗೆ ಇಳಿದದ್ದನ್ನೇ ಕುದುರೆಯ ಮುಂದೆ ಇಡಬೇಕು. ಅಪ್ಪ ಮಾಡಿದ್ದ, ಅಜ್ಜ ಮಾಡಿದ್ದ. ಬೈಲಪ್ಪನೂ ಬೂಸಾ, ಹುರುಳಿ, ಬೆಲ್ಲ, ಡಾಕ್ಟರು ಕೊಟ್ಟ ಪುಡಿ ಎಲ್ಲ ಕಲಸಿ, ಕಣ್ಣು ಮುಚ್ಚಿ ಒಂದು ತುತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಆ ಕುದುರೆಯನ್ನು ಅವನು ಅಷ್ಟು ಪ್ರೀತಿಸುತ್ತಿದ್ದ ಎಂದು ಊರು ಕೊಂಡಾಡುತ್ತಿತ್ತು.

"ನೋಡಿ ಇಲ್ಲಿ." ಸಂಘಮಿತ್ರಾ ಗೊರಸಿನ ಮೇಲೆ ಬೆರಳಿಟ್ಟಳು. ಕೂದಲಿನ ಅಂಚಿಗಿಂತ ಎರಡು ಸೆಂಟಿಮೀಟರ್ ಕೆಳಗೆ, ಗೊರಸಿನ ಸುತ್ತ ಒಂದು ಉಬ್ಬಿದ ಗೆರೆ ಓಡಿತ್ತು. "ಮೇವಿನಲ್ಲಿ ದೊಡ್ಡ ಬದಲಾವಣೆ ಆದರೆ ಗೊರಸು ಬರೆದಿಟ್ಟುಕೊಳ್ಳುತ್ತೆ. ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೆಯುತ್ತೆ. ಹಂಗಾದರೆ ಈ ಗೆರೆ ಬಿದ್ದು ಎರಡು ತಿಂಗಳು."

"ಅದಕ್ಕೆ?"

"ನಾನು ಚೀಟಿ ಬರೆದು ಇಪ್ಪತ್ತು ದಿನ. ಬೈಲಪ್ಪ ಕುದುರೆ ಕೊಂಡು ನಲವತ್ತು ದಿನ. ಎರಡು ತಿಂಗಳ ಹಿಂದೆ ಈ ಕುದುರೆ ಎಲ್ಲಿತ್ತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜುಂಜಪ್ಪನ ಕಣ್ಣು ಒಂದು ಕ್ಷಣ ಅಂಗಳದ ಮೂಲೆಯ ತಗಡಿನ ಶೆಡ್ಡಿನ ಕಡೆ ಹೋಗಿ ಬಂತು. ಸಂಘಮಿತ್ರಾ ಅಲ್ಲಿಗೇ ನಡೆದಳು. ಹನುಮಂತಪ್ಪ ಬೀಗದ ಕೈಗಾಗಿ ಕೈ ಚಾಚಿದ.

ಶೆಡ್ಡಿನೊಳಗೆ ಎರಡು ಕುದುರೆಗಳಿದ್ದವು. ಒಂದರ ಪಕ್ಕೆಲುಬನ್ನು ದೂರದಿಂದಲೇ ಎಣಿಸಬಹುದಿತ್ತು. ಬೆನ್ನಿನ ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು, ನೊಣ ಮುತ್ತಿತ್ತು. ಇನ್ನೊಂದು ದುಂಡುದುಂಡಗೆ, ಮೈ ಎಣ್ಣೆ ಸವರಿದಂತೆ ಮಿರಮಿರ ಮಿಂಚುತ್ತಿತ್ತು. ಆದರೆ ಅದು ಗೋಡೆಗೆ ಒರಗಿ ನಿಂತಿತ್ತು. ಹಿಂಗಾಲು ನಡುಗುತ್ತಿದ್ದವು.

"ಬಂದಾಗ ಹಂಗೆ, ಹೋಗುವಾಗ ಹಿಂಗೆ," ಎಂದ ಜುಂಜಪ್ಪ. ಸಿಕ್ಕಿಬಿದ್ದ ಮೇಲೆ ಅವನ ದನಿಯಲ್ಲಿ ಭಯ ಬರಲಿಲ್ಲ. ಒಂದು ತರಹದ ಹೆಮ್ಮೆ ಬಂತು. "ಕೆಲಸ ನೋಡ್ರಿ ಸಾಹೇಬ್ರೆ. ಎರಡೂ ಒಂದೇ ಲಾರೀಲಿ ಬಂದಿದ್ವು."

"ಪಾಷಾಣ," ಎಂದಳು ಸಂಘಮಿತ್ರಾ.

"ನಮ್ಮಜ್ಜನೂ ಕೊಡ್ತಿದ್ದ. ಉಗುರು ತುದೀಲಿ ಹಿಡಿಯೋವಷ್ಟು, ಬೂಸಾದಾಗೆ. ಇಪ್ಪತ್ತು ದಿನಕ್ಕೆ ಮೈ ತುಂಬತೈತೆ, ಕೂದಲು ಕನ್ನಡಿ ಆಗತೈತೆ. ಅಗಸೆ ಎಣ್ಣೆ, ಹುರುಳಿ, ಮೂರು ತಿಂಗಳು ಅಂತ ನೀವು ಬರೆದು ಕೊಡ್ತೀರಲ್ಲ, ಅಷ್ಟು ದಿನ ಕಾಯಾಕೆ ಯಾರಿಗೈತೆ ಪುರಸೊತ್ತು? ಹೊನ್ನಾಳಿ ಕಲ್ಯಾಣ ಮಂಟಪದೋರು ಎಲುಬಿನ ಕುದುರೆ ಕರೀತಾರಾ? ಮದುಮಗ ಕುಂತರೆ ಫೋಟೋದಾಗೆ ದುಂಡಗೆ ಕಾಣಬೇಕು."

ಅದು ಮಾತ್ರ ಸುಳ್ಳಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಡುವ ಜನ ನಾವು. ಗಂಡು ಅರ್ಧ ತಾಸು ಕೂರುವ ಕುದುರೆಗೆ ಮಿಂಚುವ ಮೈ ಬೇಕು. ಆ ಮೈಯೊಳಗೆ ಏನು ಕುದಿಯುತ್ತಿದೆ ಎಂದು ವಾಲಗದವನೂ ಕೇಳಲಿಲ್ಲ, ಬೀಗರೂ ಕೇಳಲಿಲ್ಲ.

"ನಿಲ್ಲಿಸಿದರೆ?" ಎಂದು ಕೇಳಿದ ಹನುಮಂತಪ್ಪ.

"ನಿಲ್ಲಿಸಿದ್ರೆ ಇಳೀತೈತೆ. ಬ್ಯಾಗನೆ ಇಳೀತೈತೆ. ಅಷ್ಟೊತ್ತಿಗೆ ಕುದುರೆ ನಮ್ಮದಲ್ಲ."

ಸಂಘಮಿತ್ರಾ ನಡುಗುತ್ತಿದ್ದ ಕುದುರೆಯ ಕೊರಳ ಮೇಲೆ ಕೈಯಿಟ್ಟಳು. ಅದು ತಲೆ ಎತ್ತಲಿಲ್ಲ. ಬೈಲಪ್ಪ ಇಪ್ಪತ್ತು ದಿನದ ಹಿಂದೆ ಅವಳ ಆಸ್ಪತ್ರೆಯ ಮುಂದೆ ತಂದು ನಿಲ್ಲಿಸಿದ ಬಿಳಿ ಕುದುರೆಯೂ ಹೀಗೇ ಮಿಂಚುತ್ತಿತ್ತು. 'ಮೈ ಹಿಡಿದೈತೆ, ಆದರೆ ನಡಿಗೆ ಯಾಕೋ ತೂಗಾಡತೈತೆ ಡಾಕ್ಟ್ರೇ' ಎಂದಿದ್ದ. ಬೇರೆ ಏನಾದರೂ ಕೊಡುತ್ತಿದ್ದೀಯಾ ಎಂದು ಕೇಳಿದ್ದಳು. ಇಲ್ಲ ಎಂದಿದ್ದ. ಅವಳು ನಂಬಿದ್ದಳು. ಆ ದಿನ ಹೊರಗೆ ಹದಿನಾಲ್ಕು ಎಮ್ಮೆ ಕಾಯುತ್ತಿದ್ದವು, ನಂಬುವುದು ಸುಲಭವಾಗಿತ್ತು.

"ಬೈಲಪ್ಪಗೂ ಪುಡಿ ಕೊಟ್ಟು ಕಳಿಸಿದ್ರಾ?"

"ಕುದುರೆ ಜತೆ ಒಂದು ಪೊಟ್ಟಣ. ನಲವತ್ತು ದಿನದ್ದು. ಅಳತೆ ಹೇಳಿ, ಕೆಂಪು ದಾರ ಕಟ್ಟಿ ಕೊಟ್ಟೀನಿ. ಅಳತೆ ಮೀರಿದ್ರೆ ಅದು ನನ್ನ ತಪ್ಪಲ್ಲ."

"ಅಷ್ಟು ಸಣ್ಣ ಅಳತೆಯ ಪೊಟ್ಟಣ. ನಾನು ಚೀಟಿ ಬರೆಯುವ ಹೊತ್ತಿಗೆ ಅದರಲ್ಲಿ ಅರ್ಧ ಖರ್ಚೂ ಆಗಿರಬೇಕು," ಎಂದಳು ಸಂಘಮಿತ್ರಾ, ಹನುಮಂತಪ್ಪನ ಕಡೆ ತಿರುಗಿ. "ಡಬ್ಬಿಯಲ್ಲಿ ಸಿಕ್ಕಿದ್ದು ಅದರ ನಾಲ್ಕು ಪಟ್ಟು. ಉಳಿದದ್ದು ಎಲ್ಲಿಂದ ಬಂತು?"

ಜುಂಜಪ್ಪ ಟೀ ಮುಗಿಸಿದ. ಲೋಟ ಕೊಡವಿ ಕಿಟಕಿಯ ಮೇಲಿಟ್ಟ. ಹೇಳಲೋ ಬೇಡವೋ ಎಂದು ಅವನು ಯೋಚಿಸುತ್ತಿರಲಿಲ್ಲ. ಹೇಳಿದರೆ ತನ್ನ ಕುತ್ತಿಗೆ ಎಷ್ಟು ಹಗುರಾಗುತ್ತದೆ ಎಂದು ತೂಗುತ್ತಿದ್ದ.

"ಎರಡನೇ ಪೊಟ್ಟಣ ಒಂದು ಒಯ್ದರು. ದೊಡ್ಡದು. ಒಂದು ತಿಂಗಳಾತು."

"ಬೈಲಪ್ಪನಾ?"

"ಅವನ ಹೆಂಡ್ತಿ. ಭೀಮಕ್ಕ. ಒಬ್ಬಳೇ ಬಸ್ ಹತ್ತಿ ಬಂದಿದ್ಲು. ಕುದುರೆಗಾ ಅಂದೆ. ಕುದುರೆಗಲ್ಲ ಅಂದ್ಲು."

"ಮತ್ಯಾರಿಗೆ?" ಎಂದ ಹನುಮಂತಪ್ಪ.

"ಮಗಳಿಗೆ," ಎಂದ ಜುಂಜಪ್ಪ. "ಹುಡುಗಿ ಕಡ್ಡಿ ಇದ್ದಂಗೆ ಐತಂತೆ. ಚನ್ನಗಿರಿ ಕಡೆಯಿಂದ ಮೂರು ಗಂಡು ಬಂದು ನೋಡಿ, ಉಪ್ಪಿಟ್ಟು ತಿಂದು, ಎಲುಬಿನ ಗೂಡು ಬ್ಯಾಡ ಅಂತ ಹೇಳಿ ಕಳಿಸಿದ್ವಂತೆ. ಹತ್ತೇ ದಿನದಾಗೆ ಕುದುರೆ ಇನ್ನೂ ಮೈ ಹಿಡಿದಿದ್ದು ಕಣ್ಣಾರೆ ನೋಡ್ಯಾಳೆ. ನನ್ನ ಮಗಳಿಗೂ ಕೊಡ್ರಿ ಅಣ್ಣ ಅಂತ ಕೈ ಮುಗಿದ್ಲು."

"ನೀವು ಕೊಟ್ರಾ?"

"ಕೊಟ್ಟೆ."

"ಮನುಷ್ಯರಿಗೆ ಅಂತ ಗೊತ್ತಿದ್ದೂ?"

"ಕುದುರೆಗೆ ಆಗಿದ್ದು ಹುಡುಗಿಗೆ ಯಾಕೆ ಆಗಬಾರದು? ತಾಳಿ ಬೀಳೋ ತನಕ ಮೈ ನಿಂತರೆ ಸಾಕು. ಆಮೇಲೆ ಇಳಿದ್ರೆ ಕಟ್ಟಿಕೊಂಡೋರ ಹಣೆಬರಹ. ನಾನೂ ಕುದುರೆ ಹಿಂಗೇ ಮಾರೋದು ತಾಯಿ."

ಸಂಘಮಿತ್ರಾಳ ಕೈ ತಾನಾಗಿ ಎದ್ದಿತ್ತು. ಹನುಮಂತಪ್ಪ ಅಡ್ಡ ಬಂದ. ಆದರೆ ಅಡ್ಡ ಬಂದವನೇ ಜುಂಜಪ್ಪನ ಕಪಾಳಕ್ಕೆ ಒಂದು ಬಿಗಿದ. ಆ ಏಟಿನಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ. ಜುಂಜಪ್ಪ ತುಟಿ ಒರೆಸಿಕೊಂಡು, ಬಿದ್ದ ಟವೆಲ್ಲು ಎತ್ತಿ ಕೊಡವಿ ಹೆಗಲ ಮೇಲೆ ಹಾಕಿಕೊಂಡ. ಅವನನ್ನು ಕೂಡಿಹಾಕಲು ಜಗಳೂರಿನ ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ಕರೆಸಿ, ಜೀಪು ಗೋವಿನಕೋವಿಯ ಕಡೆ ತಿರುಗಿತು.

ದಾರಿಯುದ್ದಕ್ಕೂ ಸಂಘಮಿತ್ರಾ ಲೆಕ್ಕ ಹಾಕುತ್ತಿದ್ದಳು. ಗೊರಸು ಅವಳನ್ನು ಅರ್ಧ ಉಳಿಸಿತ್ತು. ಕುದುರೆಗೆ ವಿಷ ಹತ್ತಿಸಿದ್ದು ಅವಳ ಪುಡಿಯಲ್ಲ. ಆದರೆ ನೀಲಿ ಡಬ್ಬಿ ಅವಳದೇ, ಹಿಡಿ ಎಂಬ ಅಳತೆಯೂ ಅವಳದೇ. ಅದರೊಳಗೆ ಪಾಷಾಣ ಹೋಗಿದ್ದು ಹೇಗೆ ಎಂದು ತಿಳಿಯುವ ತನಕ ಅವಳಿಗೆ ಊಟ ಸೇರುವುದಿಲ್ಲ. ನಾಲ್ಕು ದಿನದ ಹಿಂದೆ ಹೆಣದ ಪಕ್ಕ ಕೂತು ಭೀಮಕ್ಕ, 'ನಿಮ್ಮ ಚೀಟಿ ನನ್ನ ಗಂಡನ್ನ ತಿಂತು' ಎಂದು ಊರ ಮುಂದೆ ಕೂಗಿದ್ದಳು. ಆ ಮಾತು ಸುಳ್ಳಾಗುವುದು ಸಂಘಮಿತ್ರಾಳಿಗೆ ಬೇಕಾಗಿತ್ತು. ಅದಕ್ಕಿಂತ ಹೆಚ್ಚಾಗಿ ಈಗ ಇನ್ನೊಂದು ಬೇಕಾಗಿತ್ತು: ಆ ಹುಡುಗಿ ಇನ್ನೂ ಪುಡಿ ಕುಡಿಯುತ್ತಿದ್ದರೆ ಅದನ್ನು ಇವತ್ತೇ ನಿಲ್ಲಿಸಬೇಕು.

"ಆ ತಾಯಿನ ಇನ್ನೂ ಸ್ಟೇಷನ್‌ಗೆ ಕರೆಸಿಲ್ಲ ರೀ ನಾನು," ಎಂದ ಹನುಮಂತಪ್ಪ. "ಮೂರು ಸಲ ಹೇಳಿ ಕಳಿಸಿದೆ. ಗಂಡ ಹೋದಾಗಿಂದ ಏನು ತಿಂದ್ರೂ ವಾಂತಿ ಅಂತೆ. ಎದ್ದು ನಿಲ್ಲಾಕೇ ಆಗಲ್ಲವಂತೆ. ದುಃಖ."

"ಹೂಂ," ಎಂದಳು ಸಂಘಮಿತ್ರಾ. ಅವಳ ಗಮನ ಗಡಿಯಾರದ ಮೇಲಿತ್ತು.

ಅವರು ಬೈಲಪ್ಪನ ಮನೆ ಮುಟ್ಟಿದಾಗ ಮೂರೂವರೆ. ಪಡಸಾಲೆಯಲ್ಲಿ ಭೀಮಕ್ಕ ಕಂಬಕ್ಕೆ ಒರಗಿ ಕೂತಿದ್ದಳು. ಐದು ದಿನದಲ್ಲಿ ಅರ್ಧ ಆಗಿದ್ದಳು. ಮಗಳು ಅರುಣಾ ಒಳಗಿನಿಂದ ಹಾಲಿನ ಲೋಟ ತಂದು ಅವ್ವನ ಕೈಗೆ ಕೊಟ್ಟು, ಬಂದವರಿಗೆ ಚಾಪೆ ಹಾಸಿದಳು. ಭೀಮಕ್ಕ ಮುಖ ಕಿವುಚಿಕೊಂಡೇ ಗುಟುಕರಿಸಿದಳು.

ಸಂಘಮಿತ್ರಾ ಹುಡುಗಿಯನ್ನೇ ನೋಡಿದಳು. ಕಡ್ಡಿಯಂಥ ಹುಡುಗಿ ಎಂದಿದ್ದ ಜುಂಜಪ್ಪ. ಎದುರಿಗಿದ್ದವಳ ಕೆನ್ನೆ ತುಂಬಿಕೊಂಡಿತ್ತು, ಮುಖದಲ್ಲಿ ಹೊಳಪಿತ್ತು. ಸಾವಿನ ಮನೆಯಲ್ಲಿ ಅಷ್ಟು ಚೆಂದದ ಮುಖ ನೋಡಲು ಕಷ್ಟವಾಗುತ್ತಿತ್ತು.

"ಕೈ ಕೊಡಮ್ಮ," ಎಂದಳು.

ಅರುಣಾ ಕೈ ಚಾಚಿದಳು. ಹತ್ತೂ ಉಗುರಿನ ಅಡ್ಡಕ್ಕೆ, ಬುಡಕ್ಕಿಂತ ಸ್ವಲ್ಪ ಮೇಲೆ, ಸುಣ್ಣದ ಕಡ್ಡಿಯಲ್ಲಿ ಎಳೆದಂತೆ ಒಂದೊಂದು ಬಿಳಿ ಗೆರೆ. ಗೊರಸು ಬರೆದಿಟ್ಟುಕೊಂಡದ್ದನ್ನೇ ಉಗುರೂ ಬರೆದಿಟ್ಟುಕೊಂಡಿತ್ತು.

"ಭೀಮಕ್ಕ, ಜಗಳೂರಿನಿಂದ ತಂದ ಪೊಟ್ಟಣ ಎಲ್ಲಿ?"

ಭೀಮಕ್ಕನ ಮುಖದಲ್ಲಿದ್ದ ಅಷ್ಟಿಷ್ಟು ರಕ್ತವೂ ಇಳಿಯಿತು. ಮಗಳ ಕಡೆ ನೋಡಿದಳು, ಪೊಲೀಸಿನ ಕಡೆ ನೋಡಿದಳು.

"ಮಗಳು ಚೆಂದ ಆಗಲಿ ಅಂತ ತಂದೆ ಕಣ್ರಿ. ಬ್ಯಾರೆ ಏನಿಲ್ಲ. ದೇವರಾಣೆ. ದಿನಾ ಹಾಲಿಗೆ ಚೂರು ಹಾಕ್ತೀನಿ. ನೋಡ್ರಿ ಹೆಂಗಾಗ್ಯಾಳೆ. ಬರೋ ತಿಂಗಳು ಉಬ್ರಾಣಿಯಿಂದ ಒಂದು ಗಂಡು ಬರೋದಿತ್ತು..."

"ಈಗಲೂ ಹಾಕ್ತಿದೀರಾ?"

"ಇವತ್ತು ಬೆಳಿಗ್ಗೇನೂ ಹಾಕೀನಿ. ನನಗೆ ಏಳಾಕೆ ಆಗದಿದ್ರೂ ತೆವಳಿಕೊಂಡು ಹೋಗಿ ಹಾಕೀನಿ. ಒಂದಿನ ತಪ್ಪಿದ್ರೂ ಮೈ ಇಳೀತೈತೆ ಅಂದಿದ್ದ ಜುಂಜಪ್ಪ."

ಅಡುಗೆಮನೆಯ ಸಜ್ಜದ ಮೇಲೆ, ಹುರುಳಿ ಗಡಿಗೆಯ ಹಿಂದೆ ಪೊಟ್ಟಣ ಸಿಕ್ಕಿತು. ಕೆಂಪು ದಾರ. ತುಂಬ ಪುಡಿ. ಸಂಘಮಿತ್ರಾ ಬೆಳಕಿಗೆ ತಂದು ಬಿಚ್ಚಿದಳು. ಒಂದು ಚಿಟಿಕೆ ಅಂಗೈ ಮೇಲೆ ಹಾಕಿ, ನೀರಿನ ಹನಿ ಬಿಟ್ಟು ಉಜ್ಜಿದಳು. ಬೂದುಬಣ್ಣದ ನಯವಾದ ಗಂಧ ಅಂಗೈಗೆ ಮೆತ್ತಿಕೊಂಡಿತು.

ಹನುಮಂತಪ್ಪ ಬಗ್ಗಿ ಮೂಸಿದ. ತನ್ನ ಹಣೆ ಮುಟ್ಟಿಕೊಂಡು ಇನ್ನೊಮ್ಮೆ ಮೂಸಿದ.

"ಇದು ವಿಭೂತಿ ಕಣ್ರಿ," ಎಂದ. "ಬರೀ ವಿಭೂತಿ."

ಭೀಮಕ್ಕ ಕೈ ಚಾಚಿ ಪುಡಿಯನ್ನು ಬೆರಳಿನಿಂದ ಉಜ್ಜಿ ನೋಡಿದಳು, ಮತ್ತೆ ಉಜ್ಜಿದಳು. ಗಂಡನನ್ನು ಕೊಂದವರು ಯಾರು ಎಂದು ಊರೆಲ್ಲ ಕೇಳುತ್ತಿದ್ದಾಗ, ಆಕೆ ಸಜ್ಜದಿಂದ ದಿನಾ ದೇವರ ಬೂದಿ ತೆಗೆದು ಮಗಳ ಹಾಲಿಗೆ ಹಾಕುತ್ತಿದ್ದಳು. ಪುಡಿ ಬದಲಾಗಿದ್ದು ಆಕೆಗೆ ಗೊತ್ತಿರಲಿಲ್ಲ. ಅದು ಆಕೆಯ ಮುಖ ನೋಡಿದರೆ ಕುರುಡನಿಗೂ ತಿಳಿಯುತ್ತಿತ್ತು. ಉಳಿದವರು ಒಬ್ಬರೇ.

ಅರುಣಾ ಕಾಲು ಮಡಚಿ ಅವ್ವನ ಪಕ್ಕ ಕೂತಳು. ಹುಡುಗಿಗೆ ಹೆದರಿಕೆ ಇರಲಿಲ್ಲ. ಯಾರಾದರೂ ಕೇಳಲಿ ಎಂದು ಬಹಳ ದಿನದಿಂದ ಕಾದವಳಂತೆ ಇದ್ದಳು.

"ಹಾಲು ಕುಡಿದ ಮ್ಯಾಲೆ ಗಂಟಲು ಉರೀತಿತ್ತು," ಎಂದಳು. "ಅಂಗಾಲು ಜುಮು ಜುಮು ಅಂತಿತ್ತು. ಕೂದಲು ಕೈಗೆ ಬರ್ತಿತ್ತು. ಅವ್ವನ್ನ ಕೇಳಿದ್ರೆ ಟಾನಿಕ್ಕು ಅಂತಿದ್ಲು. ಒಂದು ವಾರ ನಾನು ಕುಡೀದೆ ಹಿತ್ತಲ ಬೆಕ್ಕಿಗೆ ಹಾಕಿದೆ. ಬೆಕ್ಕು ಹೋಯ್ತು."

"ನಿಮ್ಮಪ್ಪಗೆ ಹೇಳಲಿಲ್ವಾ?" ಎಂದಳು ಸಂಘಮಿತ್ರಾ.

"ಹೇಳಿದೆ. ಕುದುರೆಗೆ ಮೈ ಉಜ್ಜುತಾ ಇದ್ದ. ನಕ್ಕ. ಕುದುರೆಗೆ ಆಗಿದ್ದು ನಿನಗಾಗಲ್ವೇನೇ, ಸುಮ್ಮನೆ ಕುಡಿ ಅಂದ. ಅವನಿಗೂ ಗೊತ್ತಿತ್ತು ಡಾಕ್ಟ್ರೇ. ನೀವು ಕುದುರೆಗೆ ಬೇರೆ ಪುಡಿ ಬ್ಯಾಡ ಅಂತ ಬರೆದ ದಿನ ಕುದುರೆಗೆ ನಿಲ್ಲಿಸಿದ. ನನಗೆ ನಿಲ್ಲಿಸಲಿಲ್ಲ."

ಭೀಮಕ್ಕ ಮಗಳ ತೊಡೆ ಹಿಡಿದುಕೊಂಡಳು. "ಸುಮ್ಕಿರೇ, ಸುಮ್ಕಿರೇ," ಎಂದಳು. "ಸಾಹೇಬ್ರೆ, ನಾನೇ ಹಾಕಿದ್ದು. ಡಬ್ಬಿಗೆ ನಾನೇ ಹಾಕಿದ್ದು, ಬರಕೊಳ್ರಿ."

ಅರುಣಾ ಅವ್ವನ ಕೈಯನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟಳು.

"ನಿಮ್ಮ ಚೀಟೀಲಿ ಒಂದು ಹಿಡಿ ಅಂತ ಬರೆದಿತ್ತಲ್ಲ ಡಾಕ್ಟ್ರೇ. ಆ ಪೊಟ್ಟಣದ್ದಾದ್ರೆ ಅಪ್ಪ ಹಾಕ್ತಿದ್ದದ್ದು ಚಿಟಿಕೇನೂ ಇಲ್ಲ. ಅದಕ್ಕೇ ನಿಮ್ಮ ಡಬ್ಬಿಗೆ ಹಾಕಿದೆ."

ಸಂಘಮಿತ್ರಾಳಿಗೆ ಬೇಕಾಗಿದ್ದ ಉತ್ತರ ಸಿಕ್ಕಿತು. ಚೀಟಿ ಕೊಂದಿರಲಿಲ್ಲ, ಕೊಲ್ಲುವ ಕೈಗೆ ಅಳತೆ ಕೊಟ್ಟಿತ್ತು. ಈ ಉತ್ತರವನ್ನು ಇಟ್ಟುಕೊಂಡು ಏನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ.

"ಕುದುರೆ ಏನು ಮಾಡಿತ್ತೇ?" ಎಂದಳು ಕೊನೆಗೆ. ಕೇಳಬೇಕಾದ್ದು ಅದಲ್ಲ ಎಂದು ಗೊತ್ತಿದ್ದೂ ಅದೇ ಬಾಯಿಗೆ ಬಂತು.

"ಏನೂ ಮಾಡಿರಲಿಲ್ಲ." ಮೊದಲ ಸಲ ಹುಡುಗಿಯ ಕಣ್ಣು ತುಂಬಿತು. "ಆದ್ರೆ ಅದರ ಮೇವನ್ನ ಅಪ್ಪ ದಿನಾ ತಾನು ತಿಂದು ನೋಡಿ ಕೊಡ್ತಿದ್ದ. ಒಂದಿನಾನೂ ತಪ್ಪಿಸಲಿಲ್ಲ. ನನ್ನ ಹಾಲನ್ನ ಯಾರೂ ರುಚಿ ನೋಡಲಿಲ್ಲ ರೀ."

ಅಷ್ಟು ಹೇಳಿ ಕಣ್ಣು ಒರೆಸಿಕೊಂಡಳು. ಹನುಮಂತಪ್ಪ ಟೋಪಿ ತೆಗೆದು ಮಂಡಿಯ ಮೇಲಿಟ್ಟ. ಅವನಿಗೆ ಇವತ್ತು ನಗುವ ವಿಷಯ ಮುಗಿದಿತ್ತು. ಆದರೆ ಇಪ್ಪತ್ತೆರಡು ವರ್ಷದ ಅಭ್ಯಾಸ, ಕೇಳಬೇಕಾದ್ದನ್ನು ಕೇಳಿತು.

"ಪೊಟ್ಟಣದಲ್ಲಿ ಇದ್ದಿದ್ದೆಲ್ಲಾ ಡಬ್ಬಿಗೆ ಹಾಕಿದ್ಯೇನಮ್ಮ?"

"ಇಲ್ಲ ಸಾರ್. ಅರ್ಧ."

"ಇನ್ನರ್ಧ ಎಲ್ಲೈತೆ?"

ಅರುಣಾ ಪಕ್ಕಕ್ಕೆ ತಿರುಗಿ ಅವ್ವನ ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಸರಿಸಿದ ಕೈಯಲ್ಲಿ ನಾಲ್ಕು ಎಳೆ ಕಿತ್ತು ಬಂದವು.

"ಅಪ್ಪ ಹೋದಾಗಿಂದ ಅವ್ವ ಸೊರಗಿ ಹೋಗ್ಯಾಳೆ ರೀ," ಎಂದಳು. "ಮೈ ತುಂಬಲಿ ಅಂತ ದಿನಾ ನಾನೇ ಹಾಲು ಕಾಯಿಸಿ ಕೊಡ್ತಿದೀನಿ."

ಭೀಮಕ್ಕ ತನ್ನ ಕೈಯಲ್ಲಿದ್ದ ಲೋಟವನ್ನು ನೋಡಿದಳು. ತಳದಲ್ಲಿ ಒಂದು ಹನಿಯೂ ಉಳಿದಿರಲಿಲ್ಲ.